ದಂಡಿನ ಖರ್ಚು, ಕೆರೆಯ ಖರ್ಚು

ಸಂಸ್ಕೃತದ ‘ದಂಡ’ ಎಂಬ ಒಂದೇ ಪದದಿಂದ ನಮ್ಮ ಆಡುಮಾತಿನಲ್ಲಿ ಮೂರು ಅರ್ಥಗಳು ಹುಟ್ಟಿವೆ. ಸೈನ್ಯಕ್ಕೆ ದಂಡು ಎನ್ನುತ್ತೇವೆ. ತಪ್ಪಿಗಾಗಿ ತೆರುವ ಹಣಕ್ಕೆ ದಂಡ ಎನ್ನುತ್ತೇವೆ. ಖರ್ಚು ಮಾಡಿಯೂ ಫಲ ಸಿಗದಿದ್ದರೆ ‘ದುಡ್ಡು ದಂಡವಾಯಿತು’ ಎನ್ನುತ್ತೇವೆ. ದಂಡಿಗಾಗಿ ಪ್ರಜೆ ತೆರುವ ಹಣದಲ್ಲಿ ನ್ಯಾಯವಾದದ್ದು ಎಷ್ಟು, ದಂಡವಾದದ್ದು ಎಷ್ಟು ಎಂಬ ವಾದ ನಮ್ಮ ಬಳ್ಳಾರಿ ಸೀಮೆಗೆ ಹೊಸದಲ್ಲ. ಈ ಜಿಲ್ಲೆ ಇಂಗ್ಲಿಷರ ಕೈಗೆ ಬಂದದ್ದೇ ಸೈನ್ಯದ ಖರ್ಚಿನ ಲೆಕ್ಕದಲ್ಲಿ.

1800ನೆಯ ಇಸವಿ ಅಕ್ಟೋಬರ್ 12ರಂದು ಹೈದರಾಬಾದಿನ ನಿಜಾಮನಿಗೂ ಈಸ್ಟ್ ಇಂಡಿಯಾ ಕಂಪನಿಗೂ ಒಂದು ಒಪ್ಪಂದವಾಯಿತು. ನಿಜಾಮನ ರಕ್ಷಣೆಗೆಂದು ಕಂಪನಿ ತನ್ನ ಸೈನ್ಯವನ್ನು ಅವನ ರಾಜ್ಯದಲ್ಲಿ ಇಟ್ಟಿತ್ತು. ಆ ಸೈನ್ಯದ ಸಂಬಳ ಸಾರಿಗೆಗಳನ್ನು ನಿಜಾಮನೇ ಕೊಡಬೇಕು. ವರ್ಷ ವರ್ಷವೂ ನಗದು ಎಣಿಸುವ ತೊಂದರೆಯನ್ನು ತಪ್ಪಿಸಿಕೊಳ್ಳಲು ಅವನು 1792 ಮತ್ತು 1799ರ ಮೈಸೂರು ಯುದ್ಧಗಳಿಂದ ತನ್ನ ಪಾಲಿಗೆ ಬಂದಿದ್ದ ಸೀಮೆಯನ್ನೇ ಕಂಪನಿಗೆ ಬಿಟ್ಟುಕೊಟ್ಟನು. ಬಳ್ಳಾರಿ, ಅನಂತಪುರ, ಕಡಪ ಮತ್ತು ಸುತ್ತಲಿನ ಕೆಲವು ಭಾಗಗಳು ಹೀಗೆ ಕೈ ಬದಲಾಯಿಸಿದವು. ಅವುಗಳಿಗೆ ‘ದತ್ತ ಮಂಡಲ’ ಎಂದು ಹೆಸರಾಯಿತು. ದತ್ತ ಎಂದರೆ ಕೊಟ್ಟದ್ದು. ಮಗುವನ್ನು ದತ್ತು ಕೊಡುವಾಗ ಹೆತ್ತವರು ಅದರ ಮುಂದಿನ ಬಾಳನ್ನು ನೆನೆಯುತ್ತಾರೆ. ಇಲ್ಲಿ ನೆನೆದದ್ದು ಸಿಪಾಯಿಯ ಸಂಬಳವನ್ನು. ಎರೆಹೊಲದ ಜೋಳ ಹತ್ತಿಗಳ ಮೇಲಿನ ಕಂದಾಯ ಮೊದಲ ದಿನದಿಂದಲೂ ಯುದ್ಧದ ಲೆಕ್ಕಕ್ಕೆ ಸೇರಿದ್ದಾಗಿತ್ತು.

ಈ ಸೀಮೆಗೆ ಮುಖ್ಯ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ತಾನೂ ಸೈನಿಕನೇ. ಸುಮಾರು 80 ಮಂದಿ ಪಾಳೆಯಗಾರರನ್ನು ಹದ್ದಿಗೆ ತಂದು, ಹೊಲ ಹೊಲಕ್ಕೂ ಅಳತೆ ಮಾಡಿಸಿ, ರೈತನೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಯನ್ನು ಇಲ್ಲಿ ಬೇರೂರಿಸಿದನು. ಜನರ ನೆನಪಿನಲ್ಲಿ ಅವನು ಇಂದಿಗೂ ಉಳಿದಿದ್ದಾನೆ. ಮಂತ್ರಾಲಯದ ಮಠದ ಭೂಮಿಯ ವಿಚಾರಕ್ಕೆ ಬಂದಾಗ ರಾಘವೇಂದ್ರಸ್ವಾಮಿಗಳು ಅವನಿಗೆ ದರ್ಶನವಿತ್ತು ಮಾತನಾಡಿದರೆಂಬ ಕಥೆಯನ್ನು ಕೇಳದವರು ನಮ್ಮಲ್ಲಿ ಕಡಮೆ. ಮಕ್ಕಳಿಗೆ ‘ಮನ್ರೋಲಪ್ಪ’ ಎಂದು ಹೆಸರಿಡುತ್ತಿದ್ದರೆಂದೂ ಹೇಳುವುದುಂಟು.

ಆದರೆ ಲೆಕ್ಕದ ಪುಸ್ತಕ ಬೇರೊಂದು ಕಥೆಯನ್ನೂ ಹೇಳುತ್ತದೆ. ಮನ್ರೋ ಬಂದಾಗ ದತ್ತ ಮಂಡಲದ ಹುಟ್ಟುವಳಿ ಸುಮಾರು 10 ಲಕ್ಷ ವರಾಹ. ಏಳು ವರ್ಷಗಳ ಅನಂತರ ಅವನು ಬಿಟ್ಟುಹೋಗುವಾಗ ಸುಮಾರು 15 ಲಕ್ಷ ವರಾಹ. ಅದೇ ಅವಧಿಯಲ್ಲಿ, 1803ರಿಂದ 1805ರವರೆಗೆ, ಕಂಪನಿ ಮರಾಠರೊಡನೆ ಯುದ್ಧ ನಡೆಸುತ್ತಿತ್ತು. ಬೊಕ್ಕಸಕ್ಕೆ ಹಣ ಬೇಕಾಗಿತ್ತು, ಕಲೆಕ್ಟರನು ತಂದುಕೊಟ್ಟನು.

ಹಾಗೆ ತಂದುಕೊಟ್ಟವನೇ 1807ರ ಆಗಸ್ಟಿನಲ್ಲಿ, ಊರಿಗೆ ಹೊರಡುವ ಮುನ್ನ, ಮದ್ರಾಸಿನ ರೆವಿನ್ಯೂ ಬೋರ್ಡಿಗೆ ಒಂದು ವರದಿ ಬರೆದನು. ಎಲ್ಲ ಭೂಮಿಯ ಮೇಲೂ ನೂರಕ್ಕೆ 25ರಷ್ಟು ಕಂದಾಯ ಇಳಿಸಬೇಕು. ರೈತನು ಬಾವಿಯಿಂದ ಅಥವಾ ಹೊಳೆಹಳ್ಳಗಳಿಂದ ತಾನೇ ನೀರೆತ್ತಿ ಬೆಳೆಯುವ ಭೂಮಿಗೆ ಇನ್ನೂ 8ರಷ್ಟು ಇಳಿಸಬೇಕು ಎಂಬುದು ಅದರ ಸಾರ. ಬೆಳೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಸರಕಾರ ತೆಗೆದುಕೊಂಡರೆ ಭೂಮಿಗೆ ಬೆಲೆ ಬರುವುದಿಲ್ಲ, ರೈತನ ಕೈಯಲ್ಲಿ ಬಂಡವಾಳ ಕೂಡುವುದಿಲ್ಲ, ಒಂದು ಬರ ಬಂದರೆ ಅವನು ನಿಲ್ಲಲಾರನು ಎಂದು ಅವನು ಲೆಕ್ಕ ಹಾಕಿದ್ದನು. ಆದರೂ ಸರಕಾರದ ಅಗತ್ಯಗಳು ಅವಕಾಶ ಕೊಟ್ಟರೆ ಮಾತ್ರ ಇದು ಸಾಧ್ಯವೆಂಬುದನ್ನು ಅವನೂ ಒಪ್ಪಿಕೊಂಡಿದ್ದನು. ಆ ‘ಅಗತ್ಯ’ ಎಂಬ ಮಾತಿನೊಳಗೇ ಸೈನ್ಯವೂ ಸಾಲವೂ ಅಡಗಿದ್ದವು.

ಸರಕಾರ ಅವಕಾಶ ಕೊಡಲಿಲ್ಲ. ರೈತವಾರಿಯನ್ನೇ ಕೈಬಿಟ್ಟು, ಊರನ್ನು ಇಡಿಯಾಗಿ ಗುತ್ತಿಗೆ ಕೊಡುವ ಪದ್ಧತಿ ಬಂದಿತು. ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. ಗುತ್ತಿಗೆಯ ಮೊತ್ತವನ್ನು ಮನ್ರೋ ಕಾಲದ ಏರಿದ ಹುಟ್ಟುವಳಿಯ ಆಧಾರದ ಮೇಲೆ ಕಟ್ಟಿದರು. ಗುತ್ತಿಗೆದಾರರು ಬಾಕಿದಾರರಾದರು, ಊರುಗಳು ಬಡವಾದವು. ಈ ನಡುವೆ ಕಂಪನಿ 1811ರಲ್ಲಿ ಜಾವಾ ದ್ವೀಪಕ್ಕೂ, 1814ರಲ್ಲಿ ನೇಪಾಳಕ್ಕೂ, 1817ರಲ್ಲಿ ಮತ್ತೊಮ್ಮೆ ಮರಾಠರ ಮೇಲೂ ದಂಡೆತ್ತಿ ಹೋಯಿತು. 1820ರಲ್ಲಿ ಮನ್ರೋ ಮದ್ರಾಸಿನ ಗವರ್ನರಾಗಿ ಮರಳಿ ಬಂದ ಮೇಲೆಯೇ ಕಂದಾಯ ಇಳಿಯಿತು, ರೈತವಾರಿ ಮತ್ತೆ ನೆಲೆಗೊಂಡಿತು. ಒಬ್ಬನು ಹದಿಮೂರು ವರ್ಷಗಳ ಹಿಂದೆ ಬರೆದ ಸಲಹೆಯನ್ನು ತಾನೇ ಗವರ್ನರಾಗಿ ಬಂದು ಜಾರಿಮಾಡಬೇಕಾಯಿತು! 1824ರಲ್ಲಿ ಬರ್ಮಾ ಯುದ್ಧ ಬಂದಾಗ ಮದ್ರಾಸಿನಿಂದ ಸೈನ್ಯ ಸಾಮಗ್ರಿಗಳನ್ನು ಹೊಂದಿಸಿ ಕಳುಹಿಸಿದವನೂ ಅವನೇ. 1827ರ ಜುಲೈ 6ರಂದು ದತ್ತ ಮಂಡಲದ ಪತ್ತಿಕೊಂಡದಲ್ಲಿ ಕಾಲರಾ ತಗಲಿ ತೀರಿಕೊಂಡನು.

ಈ ಮೊದಲ ವಾದದಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ವಾದಿಸಿದವರೆಲ್ಲ ಅಧಿಕಾರಿಗಳು. ಮುಚ್ಚಿದ ಕಾಗದಗಳಲ್ಲಿ, ಇಂಗ್ಲಿಷಿನಲ್ಲಿ, ಕಲೆಕ್ಟರು ಬೋರ್ಡಿಗೆ, ಬೋರ್ಡು ಗವರ್ನರಿಗೆ, ಗವರ್ನರು ಲಂಡನ್ನಿಗೆ ಬರೆದುಕೊಂಡರು. ಹಣ ತೆತ್ತ ರೈತನನ್ನು ಯಾರೂ ಕೇಳಲಿಲ್ಲ. ಅವನಿಗಿದ್ದ ಉತ್ತರ ಒಂದೇ: ಎತ್ತು ಬಂಡಿ ಕಟ್ಟಿಕೊಂಡು ನಿಜಾಮನ ಸೀಮೆಗೋ ಮೈಸೂರಿನ ಸೀಮೆಗೋ ಊರು ಬಿಟ್ಟುಹೋಗುವುದು. ಉಳಿದವರ ಪಾಡು ಏನಾಗಿತ್ತೆಂಬುದಕ್ಕೆ 1855ರಲ್ಲಿ ಹೊರಬಿದ್ದ ಮದ್ರಾಸ್ ಚಿತ್ರಹಿಂಸಾ ವಿಚಾರಣಾ ಸಮಿತಿಯ ವರದಿ ಸಾಕ್ಷಿ. ಕಂದಾಯ ವಸೂಲಿಗಾಗಿ ಕೆಳಗಿನ ನೌಕರರು ಜನರನ್ನು ಹಿಂಸಿಸುತ್ತಿದ್ದುದು ನಿಜವೆಂದು ಸರಕಾರವೇ ನೇಮಿಸಿದ ಸಮಿತಿ ಹೇಳಬೇಕಾಯಿತು.

ವಾದ ಮೊದಲ ಬಾರಿಗೆ ಬೀದಿಗೆ ಬಂದದ್ದು 1860ರಲ್ಲಿ. 1857ರ ದಂಗೆಯನ್ನು ಅಡಗಿಸುವುದರಲ್ಲಿ ಸರಕಾರದ ಸಾಲ ಬಹಳ ಬೆಳೆದಿತ್ತು. ಅದನ್ನು ತುಂಬಿಸಲು ಲಂಡನ್ನಿನಿಂದ ಜೇಮ್ಸ್ ವಿಲ್ಸನ್ ಎಂಬ ಹಣಕಾಸಿನ ಪಂಡಿತ ಬಂದನು. 1860ರ ಫೆಬ್ರವರಿ 18ರಂದು ಅವನು ಮಂಡಿಸಿದ ಆಯವ್ಯಯದಲ್ಲಿ ಈ ದೇಶದ ಮೊದಲನೆಯ ಆದಾಯ ತೆರಿಗೆ ಇತ್ತು. ವರ್ಷಕ್ಕೆ 200 ರೂಪಾಯಿಯಿಂದ 500 ರೂಪಾಯಿವರೆಗೆ ಆದಾಯವುಳ್ಳವರು ನೂರಕ್ಕೆ 2, ಅದಕ್ಕೂ ಮೇಲ್ಪಟ್ಟವರು ನೂರಕ್ಕೆ 4 ತೆರಬೇಕು.

ಇದನ್ನು ವಿರೋಧಿಸಿದವನು ಯಾವ ಬಂಡುಕೋರನೂ ಅಲ್ಲ, ಮದ್ರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ನನೇ. ದಕ್ಷಿಣದ ಜನ ದಂಗೆಯೇಳಲಿಲ್ಲ. ಅವರ ಮೇಲೆ ಹೊಸ ತೆರಿಗೆ ಹೇರುವುದು ತಪ್ಪು, ಅಪಾಯಕರ ಕೂಡ. ಮೊದಲು ಸೈನ್ಯದ ಖರ್ಚನ್ನು ಇಳಿಸಿ ಲೆಕ್ಕ ಸರಿದೂಗಿಸಿ ಎಂದು ಅವನು ವಾದಿಸಿದನು. ವಾದಿಸಿದ್ದಷ್ಟೇ ಅಲ್ಲ, ತನ್ನ ಟಿಪ್ಪಣಿಯನ್ನು ಪತ್ರಿಕೆಗಳಲ್ಲಿ ಪ್ರಕಟವಾಗಲು ಬಿಟ್ಟನು. ಗವರ್ನರನೊಬ್ಬ ಕಲ್ಕತ್ತೆಯ ಸರಕಾರದ ತೆರಿಗೆಯನ್ನು ಊರೆಲ್ಲರ ಮುಂದೆ ಅಲ್ಲಗಳೆದದ್ದನ್ನು ಲಂಡನ್ ಸಹಿಸಲಿಲ್ಲ. ಅವನನ್ನು ಹಿಂದಕ್ಕೆ ಕರೆಸಿಕೊಂಡರು. ವಿಲ್ಸನ್ನನು ಅದೇ ಆಗಸ್ಟಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡನು. ವಿಚಿತ್ರವೆಂದರೆ, ಕೆಲವೇ ವರ್ಷಗಳಲ್ಲಿ ಅದೇ ಟ್ರೆವೆಲಿಯನ್ನನು ಭಾರತದ ಹಣಕಾಸು ಸದಸ್ಯನಾಗಿ ಬಂದನು. 1865ರಲ್ಲಿ ಆ ಆದಾಯ ತೆರಿಗೆ ನಿಂತುಹೋಯಿತು. ಸೈನ್ಯದ ಖರ್ಚು ಪ್ರಶ್ನೆಗೆ ಅತೀತವಾದದ್ದಲ್ಲ ಎಂಬ ಮಾತು ಇನ್ನು ಮದ್ರಾಸ್ ಪ್ರಾಂತದ ಓದುಬರಹ ಬಲ್ಲವರ ಕಿವಿಯಲ್ಲಿ ಉಳಿಯಿತು.

ಆಮೇಲೆ ಬಂದದ್ದು ಧಾತು ಸಂವತ್ಸರದ ಬರ. 1876ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷವೂ ಸಂಕಟ ಮುಗಿಯಲಿಲ್ಲ. ಮದ್ರಾಸ್ ಪ್ರಾಂತದಲ್ಲಿ ಅತ್ಯಂತ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಊರಿಗೆ ರೈಲು ಆಗಲೇ ಬಂದಿತ್ತು. ರೈಲಿನಲ್ಲಿ ಧಾನ್ಯವೂ ಬಂದಿತು. ಕೊಳ್ಳಲು ಜನರ ಕೈಯಲ್ಲಿ ಕಾಸಿರಲಿಲ್ಲ. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲು ಕುಗ್ಗಿತು. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಐದು ಮನೆಯ ಓಣಿಯಲ್ಲಿ ಒಂದು ಮನೆಯ ಬಾಗಿಲು ಮುಚ್ಚಿತೆಂದು ತಿಳಿದರೆ ಸಾಕು.

ಆ ಹೊತ್ತಿನಲ್ಲಿ ಖರ್ಚಿನ ವಾದ ಅನ್ನದ ತೂಕಕ್ಕೆ ಇಳಿಯಿತು. ಮದ್ರಾಸಿನ ಗವರ್ನರ್ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ ಪರಿಹಾರಕ್ಕೆ ಕೈ ಬಿಚ್ಚಿ ಖರ್ಚು ಮಾಡುತ್ತಿದ್ದಾನೆಂದು ವೈಸರಾಯ್ ಲಾರ್ಡ್ ಲಿಟ್ಟನ್ನನ ಸರಕಾರಕ್ಕೆ ಅಸಮಾಧಾನ. ಅದೇ ವೈಸರಾಯ್ 1877ರ ಜನವರಿ 1ರಂದು ದೆಹಲಿಯಲ್ಲಿ ವೈಭವದ ದರ್ಬಾರು ನಡೆಸಿದನೆಂಬುದನ್ನು ಇಲ್ಲಿ ನೆನೆಯದಿರಲಾಗದು. ಖರ್ಚನ್ನು ಹಿಡಿತಕ್ಕೆ ತರಲು ಸರ್ ರಿಚರ್ಡ್ ಟೆಂಪಲ್ಲನನ್ನು ಕಳುಹಿಸಿದರು. ಪರಿಹಾರದ ಕೆಲಸಕ್ಕೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಸ್ವಲ್ಪ ಕಾಸು ಸಾಕೆಂದು ಅವನು ಗೊತ್ತುಮಾಡಿದನು. ಒಂದು ಪೌಂಡು ಎಂದರೆ ಅರ್ಧ ಕಿಲೊವಿಗಿಂತಲೂ ಕಡಮೆ. ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್, ಮಣ್ಣು ಹೊರುವ ಮನುಷ್ಯ ಇದರಿಂದ ಬದುಕಲಾರನೆಂದು ಪಟ್ಟು ಹಿಡಿದು ವಿರೋಧಿಸಿದನು. ಕೆಲವು ತಿಂಗಳ ಮೇಲೆ ಕೂಲಿಯನ್ನು ಏರಿಸಬೇಕಾಯಿತು. ಆ ತಿಂಗಳುಗಳು ಮಾತ್ರ ಮರಳಿ ಬರುವಂತಿರಲಿಲ್ಲ.

ಬರ ಇನ್ನೂ ಪೂರ್ತಿ ಹಿಂಗಿರಲಿಲ್ಲ, ಹಣಕಾಸು ಸದಸ್ಯ ಸರ್ ಜಾನ್ ಸ್ಟ್ರೇಚಿ ಒಂದು ಹೊಸ ಯೋಜನೆಯನ್ನು ಮುಂದಿಟ್ಟನು. ಮುಂದಿನ ಬರಗಳಿಗಾಗಿ ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿ ತೆಗೆದಿಡಬೇಕು. ಅದಕ್ಕೆ ‘ಕ್ಷಾಮ ವಿಮೆ’ ಎಂದು ಹೆಸರು. ಅದಕ್ಕಾಗಿ 1878ರಲ್ಲಿ ವ್ಯಾಪಾರ ಕಸುಬುಗಳ ಮೇಲೆ ಲೈಸೆನ್ಸ್ ತೆರಿಗೆ ಬಂದಿತು. ಸಣ್ಣ ಅಂಗಡಿಕಾರನಿಗೂ ಅದು ತಗಲಿತು. ದೊಡ್ಡ ಸಂಬಳದ ಅಧಿಕಾರಿಗಳಿಗೆ, ವಕೀಲರಿಗೆ ತಗಲಲಿಲ್ಲ. ಇದೇ ಸಮಯದಲ್ಲಿ ಮದ್ರಾಸ್ ಮುಂಬಯಿ ಪ್ರಾಂತಗಳಲ್ಲಿ ಉಪ್ಪಿನ ಸುಂಕವನ್ನು ಮಣಕ್ಕೆ ಒಂದು ರೂಪಾಯಿ ಹದಿಮೂರು ಆಣೆಯಿಂದ ಎರಡೂವರೆ ರೂಪಾಯಿಗೆ ಏರಿಸಿದರು. ಅಂಬಲಿ ಕುಡಿಯುವವನಿಗೂ ಉಪ್ಪು ಬೇಕು. ಆದರೂ ಲೈಸೆನ್ಸ್ ತೆರಿಗೆಯ ಹಣ ಬರಕ್ಕಲ್ಲದೆ ಬೇರೆಯದಕ್ಕೆ ಹೋಗದು ಎಂದು ವೈಸರಾಯನೇ ಮಾತು ಕೊಟ್ಟದ್ದರಿಂದ ಅನೇಕರು ತಲೆಬಾಗಿದರು. ತಲೆಬಾಗದವರೂ ಇದ್ದರು, 1878ರ ಏಪ್ರಿಲಿನಲ್ಲಿ ಸೂರತ್ತಿನಲ್ಲಿ ಈ ತೆರಿಗೆಯ ವಿರುದ್ಧ ಗಲಭೆಯಾಯಿತು.

ಆ ವರ್ಷದ ನವೆಂಬರಿನಲ್ಲಿ ಆಫ್ಘಾನಿಸ್ತಾನದ ಮೇಲೆ ಯುದ್ಧ ಆರಂಭವಾಯಿತು. ಕ್ಷಾಮ ವಿಮೆಯ ಹಣ ಕಾಣದಾಯಿತು. ತೆರಿಗೆ ಮಾತ್ರ ಉಳಿಯಿತು.

ಸ್ಟ್ರೇಚಿಯ ಪಕ್ಷವನ್ನೂ ನ್ಯಾಯವಾಗಿ ಹೇಳಬೇಕು. ಅವನ ಮಾತು ಹೀಗೆ: ಒಂದೂವರೆ ಕೋಟಿಯನ್ನು ಗಡಿಗೆಯಲ್ಲಿ ಹೂತಿಡುವುದು ವಿಮೆಯಲ್ಲ. ಪ್ರತಿವರ್ಷ ಆದಾಯ ಅಷ್ಟು ಮಿಕ್ಕರೆ ಸಾಲ ಕಡಮೆಯಾಗುತ್ತದೆ. ಸಾಲ ಕಡಮೆಯಾದರೆ ಬರ ಬಂದಾಗ ಮತ್ತೆ ಸಾಲ ಎತ್ತುವುದು ಸುಲಭ. ಬೊಕ್ಕಸ ಒಂದೇ, ಯುದ್ಧದ ಖರ್ಚೂ ಬೆಳ್ಳಿಯ ಬೆಲೆ ಇಳಿದ ನಷ್ಟವೂ ಸೇರಿ ಈ ವರ್ಷ ಮಿಗತೆ ಉಳಿಯಲಿಲ್ಲ. ಗಡಿಯಲ್ಲಿ ರಷ್ಯದ ಭಯವಿದೆ. ದೇಶವೇ ಹೋದರೆ ಬರ ಪರಿಹಾರ ಮಾಡುವವರಾರು? ಲೆಕ್ಕಿಗನ ದೃಷ್ಟಿಯಿಂದ ಈ ವಾದದಲ್ಲಿ ತಿರುಳಿದೆ. ಆದರೆ ತೆರಿಗೆ ಹಾಕುವಾಗ ಹೇಳಿದ ಮಾತು ಇದಾಗಿರಲಿಲ್ಲ. ಬರದ ಹೆಸರಿನಲ್ಲಿ ಕೇಳಿ ಪಡೆದ ಹಣವನ್ನು ಯುದ್ಧದ ಹೆಸರಿನಲ್ಲಿ ಕೇಳಿದ್ದರೆ ಜನ ಏನೆನ್ನುತ್ತಿದ್ದರೆಂಬುದು ಸರಕಾರಕ್ಕೆ ಗೊತ್ತಿತ್ತು. ಕೇಳದಿದ್ದುದಕ್ಕೆ ಕಾರಣವೂ ಅದೇ ಇರಬೇಕು. 1879ರ ಮಾರ್ಚಿನಲ್ಲಿ ಲಿಟ್ಟನ್ನನು ತನ್ನ ಕೌನ್ಸಿಲಿನ ಬಹುಮತವನ್ನು ಬದಿಗೊತ್ತಿ, ಇಂಗ್ಲೆಂಡಿನಿಂದ ಬರುವ ಒರಟು ಹತ್ತಿ ಬಟ್ಟೆಯ ಸುಂಕವನ್ನು ತೆಗೆದುಹಾಕಿದನು. ಯುದ್ಧಕ್ಕೆ ಹಣವಿಲ್ಲವೆಂದವರು ಮ್ಯಾಂಚೆಸ್ಟರಿಗೆ ಸುಂಕ ಬಿಟ್ಟರು! ಹತ್ತಿ ಬೆಳೆಯುವ, ಮಗ್ಗ ನಡೆಸುವ ನಮ್ಮಂಥ ಜಿಲ್ಲೆಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಾದ ಈಗ ಸಮುದ್ರ ದಾಟಿತು. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಕಣ್ಣಿಲ್ಲದ ಸದಸ್ಯ ಹೆನ್ರಿ ಫಾಸೆಟ್, ಇಂಗ್ಲೆಂಡಿನ ರಾಜನೀತಿಗಾಗಿ ನಡೆಯುವ ಯುದ್ಧದ ಖರ್ಚನ್ನು ಬಡ ಭಾರತದ ಮೇಲೆ ಹೊರಿಸುವುದು ಅನ್ಯಾಯವೆಂದು 1878ರ ಡಿಸೆಂಬರಿನಲ್ಲಿ ವಾದಿಸಿದನು. ಮತದಲ್ಲಿ ಸೋತನು. 1880ರ ಆರಂಭದ ಆಯವ್ಯಯದಲ್ಲಿ ಯುದ್ಧದ ಖರ್ಚನ್ನು ಕೋಟಿಗಟ್ಟಲೆ ಕಡಮೆಯಾಗಿ ತೋರಿಸಿದ್ದುದು ಕೆಲವೇ ವಾರಗಳಲ್ಲಿ ಬಯಲಾಯಿತು. ಆ ಏಪ್ರಿಲಿನ ಚುನಾವಣೆಯಲ್ಲಿ ಗ್ಲಾಡ್‌ಸ್ಟನ್ ಗೆದ್ದನು, ಲಿಟ್ಟನ್ ರಾಜೀನಾಮೆ ಕೊಟ್ಟನು. ಕೊನೆಗೆ ಇಂಗ್ಲೆಂಡು 50 ಲಕ್ಷ ಪೌಂಡು ಕೊಟ್ಟಿತು. ಉಳಿದ ಹೆಚ್ಚಿನ ಪಾಲು ಭಾರತದ ಬೊಕ್ಕಸದ ಮೇಲೇ ಬಿದ್ದಿತು. ಕ್ಷಾಮದ ಹಣವನ್ನು 1881ರ ತರುವಾಯ ಮತ್ತೆ ತೆಗೆದಿಡತೊಡಗಿದರು. ಉಪ್ಪಿನ ಸುಂಕ 1882ರಲ್ಲಿ ಎರಡು ರೂಪಾಯಿಗೆ ಇಳಿಯಿತು. ಹುಬ್ಬಳ್ಳಿಯಿಂದ ಹೊಸಪೇಟೆಯ ಮೇಲೆ ಬಳ್ಳಾರಿಗೆ ಬಂದ ರೈಲುದಾರಿಯೂ ಕ್ಷಾಮ ರಕ್ಷಣೆಯ ಲೆಕ್ಕದಿಂದಲೇ ಹುಟ್ಟಿದ್ದು.

1885ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಕಾಂಗ್ರೆಸಿನ ಮೊದಲನೆಯ ಅಧಿವೇಶನ ಕೂಡಿತು. ಅದು ಅಂಗೀಕರಿಸಿದ ನಿರ್ಣಯಗಳಲ್ಲಿ ಒಂದು, ಹೆಚ್ಚಿಸಬೇಕೆಂದಿದ್ದ ಸೈನ್ಯದ ವೆಚ್ಚ ಅನಾವಶ್ಯಕ, ದೇಶದ ಆದಾಯಕ್ಕೆ ಮೀರಿದ್ದು ಎಂಬುದಾಗಿತ್ತು. ಆ ಸಭೆಯಲ್ಲಿ ಗುತ್ತಿಯ ಕೇಶವ ಪಿಳ್ಳೆಯವರೂ ಇದ್ದರು. ಅನಂತಪುರ ಜಿಲ್ಲೆ ಬೇರೆಯಾದ 1882ರವರೆಗೆ ಗುತ್ತಿ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಊರು. 1807ರಲ್ಲಿ ಕಲೆಕ್ಟರನ ಕಾಗದದಲ್ಲಿದ್ದ ಮಾತು, ಎಪ್ಪತ್ತೆಂಟು ವರ್ಷಗಳ ಮೇಲೆ ಈ ಸೀಮೆಯವರೂ ಕುಳಿತ ಸಭೆಯ ಮಾತಾಯಿತು.

ಹಾಗಾದರೆ ಆ ಹಣದಿಂದ ಆಗಬೇಕಾಗಿದ್ದುದು ಏನು? ನಮ್ಮ ಹಿರಿಯರು ಕೆರೆ ಕಟ್ಟಿಸುವುದನ್ನು ಸಪ್ತಸಂತಾನಗಳಲ್ಲಿ ಒಂದೆಂದು ಎಣಿಸಿದರು. ವಿಜಯನಗರದ ಅರಸರು ದೊಡ್ಡ ದಂಡುಗಳನ್ನೇ ಸಾಕಿದರು, ಅದಕ್ಕಾಗಿ ತೆರಿಗೆಯನ್ನೂ ಎತ್ತಿದರು. ಜೊತೆಗೆ ತುಂಗಭದ್ರೆಗೆ ಅಣೆಕಟ್ಟುಗಳನ್ನೂ ಹಾಕಿದರು. ಕಂಪ್ಲಿ, ಸಿರುಗುಪ್ಪ, ದೇಶನೂರುಗಳ ಹಳೆಯ ಕಾಲುವೆಗಳು ಅದಕ್ಕೆ ಸಾಕ್ಷಿ. ಅದೇ ಹೊಳೆಗೆ ದೊಡ್ಡ ಜಲಾಶಯ ಕಟ್ಟಿ ಬಳ್ಳಾರಿ ಸೀಮೆಯ ಬರವನ್ನು ನೀಗಿಸಬೇಕೆಂಬ ಆಲೋಚನೆಯನ್ನು ಸರ್ ಆರ್ಥರ್ ಕಾಟನ್ 1860ರಲ್ಲೇ ಮುಂದಿಟ್ಟಿದ್ದನು. ರೈಲಿಗಿಂತ ಕಾಲುವೆ ಮೊದಲು ಎಂದು ಅವನು ಜೀವಮಾನವೆಲ್ಲ ವಾದಿಸಿದನು. ಅಣೆಕಟ್ಟೆಯ ಕೆಲಸಕ್ಕೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರವರಿ 28ರಂದು. ನೀರು ಬಿಟ್ಟದ್ದು 1953ರಲ್ಲಿ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ, ಅಕ್ಟೋಬರ್ 1ರಂದು. ಈ ತೊಂಬತ್ತಮೂರು ವರ್ಷಗಳ ವಿಳಂಬಕ್ಕೆ ಯುದ್ಧವೊಂದೇ ಕಾರಣವಲ್ಲ. ಮದ್ರಾಸು, ಹೈದರಾಬಾದು, ಮೈಸೂರು ಸರಕಾರಗಳ ನೀರಿನ ಜಗಳವೂ ಇತ್ತು, ಹಣ ಮರಳಿ ಬರುವುದೋ ಇಲ್ಲವೋ ಎಂಬ ಶಂಕೆಯೂ ಇತ್ತು. ಆದರೆ ದಂಡು ಹೊರಡಬೇಕಾದಾಗ ಆ ಶಂಕೆ ಯಾರಿಗೂ ಬಂದಂತಿಲ್ಲ ಎಂಬುದು ನಿಜ.

ನಮ್ಮದೇ ಸರಕಾರ ಬಂದ ಮೇಲೆ ಈ ವಾದ ಮುಗಿಯಲಿಲ್ಲ; ಮುಗಿಯಲೂ ಬಾರದು. 1962ರ ಚೀನಾ ಯುದ್ಧದಲ್ಲಿ ಜನ ರಕ್ಷಣಾ ನಿಧಿಗೆ ಮೈಮೇಲಿನ ಒಡವೆಯನ್ನೇ ಬಿಚ್ಚಿಕೊಟ್ಟರು. ಮರುವರ್ಷ ಮೊರಾರ್ಜಿ ದೇಸಾಯಿಯವರು ಚಿನ್ನದ ನಿಯಂತ್ರಣವನ್ನೂ ಕಡ್ಡಾಯ ಠೇವಣಿಯನ್ನೂ ತಂದಾಗ ಅದೇ ಜನ ಗೊಣಗಿದರು. ಅಕ್ಕಸಾಲಿಗರ ಕುಲುಮೆ ತಣ್ಣಗಾಯಿತು. 1963ರ ಆಗಸ್ಟಿನಲ್ಲಿ ಲೋಕಸಭೆಯ ಮೊದಲನೆಯ ಅವಿಶ್ವಾಸ ನಿರ್ಣಯದ ಚರ್ಚೆಯಾಯಿತು. ಬಡವನ ದಿನದ ಆದಾಯ ಮೂರಾಣೆಯೋ ಹದಿನೈದಾಣೆಯೋ ಎಂದು ರಾಮಮನೋಹರ ಲೋಹಿಯಾ ಅವರು ಸರಕಾರವನ್ನು ಎದುರಿಸಿದ್ದು ಆ ಚರ್ಚೆಯಲ್ಲೇ. ಕೊಟ್ಟ ಕೈ ಪ್ರಶ್ನೆಯನ್ನೂ ಕೇಳಿತು, ಕೇಳಿದ್ದರಿಂದ ದೇಶದ್ರೋಹವಾಗಲಿಲ್ಲ. ದತ್ತ ಮಂಡಲದ ರೈತನಿಗೂ ನಮಗೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣದಲ್ಲ.

ದೇಶಕ್ಕೆ ದಂಡು ಬೇಡವೆಂದು ಹೇಳುವವನು ಇತಿಹಾಸ ಓದಿದವನಲ್ಲ. ದಂಡಿನ ಖರ್ಚಿಗೆ ಒಂದು ಗುಣವಿದೆ: ಅದು ತುರ್ತೆಂದು ಕೂಗಿ ಕೇಳುತ್ತದೆ. ಕೆರೆಯ ಖರ್ಚು ಕೂಗುವುದಿಲ್ಲ. ಹೂಳಿನಂತೆ ಸದ್ದಿಲ್ಲದೆ ಏರುತ್ತದೆ. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಅದು ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗಲೇ ನಮ್ಮಲ್ಲಿ ಬಹುಮಂದಿ ಅದರ ವಯಸ್ಸನ್ನು ಎಣಿಸಿದ್ದು. ಸಿರುಗುಪ್ಪ ಕುರುಗೋಡುಗಳ ಭತ್ತದ ಗದ್ದೆಗಳು ಆ ಗೇಟುಗಳನ್ನೇ ನಂಬಿವೆ.

ಆಯವ್ಯಯದ ದಿನ ಯಾವುದರ ಬೆಲೆ ಏರಿತು, ಯಾವುದು ಇಳಿಯಿತು ಎಂದು ಕೇಳಿ ನಾವು ಎದ್ದುಹೋಗುತ್ತೇವೆ. ಇನ್ನೆರಡು ಪ್ರಶ್ನೆಗಳಿಗೆ ಕುಳಿತುಕೊಳ್ಳುವ ಅಭ್ಯಾಸ ಮನೆ ಮನೆಯಲ್ಲೂ ಬೆಳೆಯಬೇಕು: ಯಾವ ಹೆಸರಿನಲ್ಲಿ ಎತ್ತಿದ ಹಣ ಯಾವುದಕ್ಕೆ ಹೋಯಿತು? ಈ ವರ್ಷ ಮುಂದೂಡಿದ ಖರ್ಚು ಯಾವುದು? 1878ರಲ್ಲಿ ಈ ಪ್ರಶ್ನೆಗಳನ್ನು ಕೇಳುವ ಹಕ್ಕು ಇಲ್ಲಿಯ ಜನಕ್ಕೆ ಇರಲಿಲ್ಲ. ಈಗ ಇದೆ, ಕೇಳುವುದೊಂದೇ ಬಾಕಿ.